ಅವ್ವನ ಟೇಪಿನಲ್ಲಿ ಮೂವತ್ತಾರು

ಹಾಸನದ ನನ್ನ ಟೈಲರ್ ಅಂಗಡಿಗೆ ಬರುವ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ನಾನು ಟೇಪು ಸಡಿಲ ಬಿಟ್ಟು ಸುಮ್ಮನೆ ನಿಂತುಬಿಡುತ್ತೇನೆ. ಎಷ್ಟು ಹೊತ್ತು ಅಂತ ಉಸಿರು ಹಿಡಿದಾರು ಪಾಪ! ಅವರು ಉಸಿರು ಬಿಟ್ಟ ಮೇಲೆ ಟೇಪು ಕೂಡಿಸಿ ಓದುತ್ತೇನೆ. ಆಮೇಲೆ ಟೇಪು ತೆಗೆದು, ಕೈ ಜಾಡಿಸಿ ನಿಂತುಕೊಳ್ಳಿ ಅಂತ ಹೇಳಿ, ಎರಡನೇ ಸಲ ಹಾಕುತ್ತೇನೆ. ಆಗಲೇ ತಗೊಂಡಿರಲ್ಲ ಅಂತ ಗೊಣಗುವವರು ಇದ್ದಾರೆ. ಗೊಣಗಲಿ. ನಾನು ಯಾರ ಮಗಳು ಅಂತ ಅವರಿಗೇನು ಗೊತ್ತು?

ನಾನು ಹೊಳೆನರಸೀಪುರದಲ್ಲಿ ಮನೆ ಜಗಲಿಯ ಮೇಲೆ ಮಿಷನ್ನು ಇಟ್ಟುಕೊಂಡು ಜೀವಮಾನವೆಲ್ಲ ರವಿಕೆ ಹೊಲಿದವಳ ಮಗಳು. ಎರಡು ಸಲ ಅಳೆಯುವುದು ಅವ್ವನ ಕ್ರಮ. ಮೊದಲ ಸಲ ಬಂದ ನಂಬರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಎರಡನೇ ಸಲವೂ ಅದೇ ಬಂದರೆ ಮಾತ್ರ ಹೇಳುತ್ತಿದ್ದಳು. ಬೇರೆ ಬಂದರೆ ಮೂರನೇ ಸಲ. "ಎರಡ್ ಸಲ ಒಂದೇ ಬಂದ್ರೆ ಅಳ್ತೆ, ಇಲ್ದಿದ್ರೆ ಅಂದಾಜು" ಅನ್ನುವುದು ಅವಳ ಮಾತು. ಅಂದಾಜಿನ ಮೇಲೆ ಕತ್ತರಿ ಹಾಕುವವರನ್ನು ಕಂಡರೆ ಅವಳಿಗಾಗುತ್ತಿರಲಿಲ್ಲ. ಒಂದು ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿಸಿದ್ದನ್ನು ಕೂಡಿಸಲು ಯಾವ ದೇವರಿಗೂ ಆಗಲ್ಲ ಅಂತ ನನ್ನ ತಲೆಗೆ ಕುಟ್ಟಿ ಕುಟ್ಟಿ ಹೇಳಿದ್ದಾಳೆ.

ಅವ್ವನ ಕೊರಳಲ್ಲಿ ಸದಾ ಒಂದು ಟೇಪು ನೇತಾಡುತ್ತಿರುತ್ತಿತ್ತು. ಅವಳಿಗೆ ಹೊಲಿಗೆ ಕಲಿಸಿದ ಮೇಷ್ಟ್ರು, ಅವಳು ಮೊದಲ ರವಿಕೆ ಹೊಲಿದ ದಿನ, ತಮ್ಮ ಕೊರಳಿನಿಂದ ತೆಗೆದು ಕೊಟ್ಟ ಬಟ್ಟೆಯ ಟೇಪು ಅದು. ಹಳದಿ ಬಣ್ಣ ಹೋಗಿ ಕಾಫಿ ಕಲೆಯ ಬಣ್ಣಕ್ಕೆ ತಿರುಗಿತ್ತು. ತುದಿಯ ಹಿತ್ತಾಳೆ ತಗಡು ಮಾತ್ರ ಹಾಗೇ ಇತ್ತು. ಸ್ನಾನಕ್ಕೆ ಹೋಗುವಾಗ ಮೊಳೆಗೆ ನೇತುಹಾಕಿ, ಬಂದ ಕೂಡಲೇ ಮತ್ತೆ ಹಾಕಿಕೊಳ್ಳುತ್ತಿದ್ದಳು. ನಾನು ಹಾಸನದಲ್ಲಿ ಅಂಗಡಿ ಇಟ್ಟ ಮೇಲೆ ಎಷ್ಟೋ ಸಲ ಹೊಸ ಟೇಪು ತಂದುಕೊಟ್ಟೆ. ಎಲ್ಲವೂ ಡಬ್ಬಿಯೊಳಗೇ ಉಳಿದವು. ಮೇಷ್ಟ್ರ ಕೈ ಈ ಟೇಪಿನಲ್ಲಿದೆ ಅನ್ನುತ್ತಿದ್ದಳು. ಇರಲಿ ಬಿಡು, ಆ ಟೇಪಿನಲ್ಲಿ ಅಳೆದು ಹೊಲಿದ ಒಂದು ರವಿಕೆಯೂ ವಾಪಸು ಬಂದದ್ದು ನಾನಂತೂ ಕಂಡಿಲ್ಲ ಅಂತ ನಾನೂ ಸುಮ್ಮನಾದೆ. ಹೊಳೆನರಸೀಪುರ ಅಲ್ಲದೆ ಹಳ್ಳಿಮೈಸೂರಿನ ಕಡೆಯಿಂದಲೂ ಜನ ಬಸ್ಸು ಹತ್ತಿಕೊಂಡು ಬಂದು ಅವಳ ಕೈಯಲ್ಲೇ ಹೊಲಿಸುತ್ತಿದ್ದರು.

ಕೆಲವು ವರ್ಷದ ಹಿಂದೆ ಆ ಹಳ್ಳಿಮೈಸೂರಿನಿಂದಲೇ ಒಂದು ದೊಡ್ಡ ಕೆಲಸ ಬಂತು. ಅಲ್ಲಿಯ ಒಂದು ಸ್ತ್ರೀಶಕ್ತಿ ಸಂಘದವರು ಚನ್ನರಾಯಪಟ್ಟಣದಲ್ಲಿ ನಡೆಯುವ ಸಮಾವೇಶಕ್ಕೆ ಹೋಗುವವರಿದ್ದರು. ಎಲ್ಲರಿಗೂ ಒಂದೇ ಬಣ್ಣದ ಸೀರೆ, ಒಂದೇ ಬಣ್ಣದ ರವಿಕೆ. ಸಮಾವೇಶ ಮುಗಿಸಿಕೊಂಡು ಹಾಗೇ ಶ್ರವಣಬೆಳಗೊಳಕ್ಕೆ ಹೋಗಿ ಬೆಟ್ಟ ಹತ್ತಿ ಬರುವುದು ಅಂತಲೂ ಮಾತಾಗಿತ್ತು. ಇಪ್ಪತ್ತಕ್ಕೂ ಮೇಲೆ ರವಿಕೆ. ದಿನ ಕಮ್ಮಿ. ಅವ್ವ ಒಪ್ಪಿಕೊಂಡುಬಿಟ್ಟಿದ್ದಳು, ಆದರೆ ಒಬ್ಬಳ ಕೈಲಾಗುವ ಕೆಲಸ ಅಲ್ಲ. ನನಗೆ ಫೋನು ಮಾಡಿ, ಅಳತೆ ನಾನು ತೆಗೀತೀನಿ, ಕತ್ತರಿಸಿ ಹೊಲಿಯೋದು ನೀನು ಮಾಡು ಅಂದಳು. ನನ್ನ ಅಂಗಡಿಯಲ್ಲಿ ಕರೆಂಟಿನ ಮಿಷನ್ನುಗಳಿದ್ದವು, ಕೆಲಸಕ್ಕೆ ಇಬ್ಬರು ಹೆಂಗಸರಿದ್ದರು. ಅಮ್ಮ ಮಗಳು ಸೇರಿ ಒಂದು ಕೆಲಸ ಮಾಡಿದ್ದು ಅದೇ ಮೊದಲು. ನನಗೆ ಹಬ್ಬ ಬಂದ ಹಾಗಾಯಿತು.

ಅವ್ವ ಹಳ್ಳಿಮೈಸೂರಿಗೇ ಹೋಗಿ ಒಬ್ಬೊಬ್ಬರನ್ನೂ ನಿಲ್ಲಿಸಿ, ತನ್ನ ಕ್ರಮದಂತೆ ಎರಡೆರಡು ಸಲ ಅಳೆದಳು. ಸಂಜೆ ಫೋನಿನಲ್ಲಿ ಒಬ್ಬೊಬ್ಬರ ಎದೆ ಸುತ್ತು, ಸೊಂಟ, ಉದ್ದ, ತೋಳು ಹೇಳಿದಳು. ನಾನು ಬರೆದುಕೊಂಡು ತಿರುಗಿಸಿ ಓದಿ ಹೇಳಿದೆ, ಅವಳು ಹೂಂ ಹೂಂ ಅಂದಳು. ಬಟ್ಟೆ ಹರಡಿ, ನನ್ನ ಟೇಪು ಇಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸಿದೆ. ಪಕ್ಕದ ಹೊಲಿಗೆಯ ಒಳಗೆ ದಂಡಿಯಾಗಿ ಬಟ್ಟೆ ಬಿಟ್ಟೆ. ಇದೂ ಅವ್ವನ ಪಾಠವೇ. ಹೆಣ್ಣಿನ ಮೈ ಬಸುರು ಬಾಣಂತನ ಅಂತ ಹಿಗ್ಗುತ್ತೆ ಕುಗ್ಗುತ್ತೆ, ಒಳಗೆ ಬಟ್ಟೆ ಬಿಡದ ಟೈಲರು ಟೈಲರೇ ಅಲ್ಲ ಅನ್ನುತ್ತಿದ್ದಳು. ಹಾಸನದಲ್ಲಿ ಈಗ ಬಹಳ ಜನ ಅಷ್ಟು ಬಿಡುವುದಿಲ್ಲ, ನಾನು ಬಿಡುತ್ತೇನೆ. ಎಲ್ಲ ಹೊಲಿದು, ಇಸ್ತ್ರಿ ಮಾಡಿ, ಬಸ್ಸಿನಲ್ಲಿ ಕಳಿಸಿದೆ. ಆ ಬುಧವಾರ ಅವ್ವ ಚೀಲ ಹೊತ್ತುಕೊಂಡು ಹಳ್ಳಿಮೈಸೂರಿಗೆ ಹೋದಳು.

ಸಂಜೆ ನಾನೇ ಫೋನು ಮಾಡಿದೆ, ಎಲ್ಲರೂ ಹೊಗಳಿದರಾ ಅಂತ ಕೇಳುವ ಆಸೆಗೆ. ಅವ್ವ ಮೆಲ್ಲಗೆ ಅಂದಳು.

"ಒಂದೂ ಆಗ್ಲಿಲ್ಲ ಕಣ್ ಮಗ. ಎಲ್ಲಾ ಬಿಗಿ. ನನ್ ಕಣ್ಣು ಓಯ್ತು."

ನಡೆದದ್ದನ್ನು ಅವಳ ಬಾಯಿಂದ ಎಳೆದೆಳೆದು ಕೇಳಬೇಕಾಯಿತು. ಹಾಕಿ ನೋಡಿದವರಲ್ಲಿ ದಪ್ಪಗಿದ್ದವರಿಗೆ ಹುಕ್ಕು ಕೂಡಲೇ ಇಲ್ಲ. ಕೂಡಿದವರಿಗೆ ಉಸಿರಾಡಲು ಜಾಗವಿಲ್ಲ. ಸಂಘದ ಅಧ್ಯಕ್ಷೆ, ನಾನು ಲಂಗ ಹಾಕಿಕೊಂಡು ಓಡಾಡುವಾಗಿನಿಂದ ಅವ್ವನ ಕೈಯಲ್ಲಿ ಹೊಲಿಸಿಕೊಂಡವರು, ಎಲ್ಲರೆದುರಿಗೆ ಅಂದರಂತೆ: ಕಣ್ಣು ಕಾಣದಿದ್ದ ಮೇಲೆ ಮನೆಯಲ್ಲಿ ಕೂತುಕೊಳ್ಳಬೇಕು, ನಮ್ಮ ಬಟ್ಟೆ ಯಾಕೆ ಹಾಳು ಮಾಡಬೇಕು? ಅವ್ವ ರವಿಕೆಗಳನ್ನು ಚೀಲಕ್ಕೆ ತುಂಬಿಕೊಂಡು ಬಂದಿದ್ದಳು. ಬಂದವಳೇ ಮಿಷನ್ನಿನ ಮೇಲೆ ಮುಚ್ಚಳ ಹಾಕಿದ್ದಳು. ಅರಕಲಗೂಡಿನಲ್ಲಿರುವ ನನ್ನ ಚಿಕ್ಕಮ್ಮ, ಅಂದರೆ ಅವ್ವನ ತಂಗಿ, ತನ್ನ ಸೊಸೆಗೆ ಅಂತ ಒಂದು ಮಿಷನ್ನು ಹುಡುಕುತ್ತಿದ್ದಳು. ಅವಳಿಗೆ ಫೋನು ಮಾಡಿ, ಸೋಮವಾರ ಬಂದು ನನ್ನದನ್ನೇ ತಗೊಂಡು ಹೋಗು ಅಂತ ಹೇಳಿಯೂ ಆಗಿತ್ತು.

ನನಗೆ ಪಿತ್ತ ನೆತ್ತಿಗೇರಿತು. ಎಲುಬಿಲ್ಲದ ನಾಲಿಗೆ ಅಂತ ಆ ಅಧ್ಯಕ್ಷೆಯನ್ನು ಮನಸ್ಸಿನಲ್ಲೇ ನೂರು ಸಲ ಬೈದೆ. ಆದರೆ ಬೈದ ಮಾತ್ರಕ್ಕೆ ರವಿಕೆ ದೊಡ್ಡದಾಗುತ್ತದೆಯೇ? ಗುರುವಾರ ಬೆಳಗ್ಗೆ ಅಂಗಡಿಯನ್ನು ಕೆಲಸದವರಿಗೆ ಒಪ್ಪಿಸಿ ಹೊಳೆನರಸೀಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನಗೆ ಒಂದೇ ಹೆದರಿಕೆ. ಅವ್ವನಿಗೆ ಅರವತ್ತೈದು ದಾಟಿತ್ತು. ಸೂಜಿಗೆ ದಾರ ಪೋಣಿಸಲು ಈಚೆಗೆ ಪಕ್ಕದ ಮನೆಯವಳನ್ನು ಕರೆಯುತ್ತಿದ್ದಳು. ನಿಜವಾಗಲೂ ಕಣ್ಣು ಮಂಜಾಗಿದ್ದರೆ? ಹೊಲಿಗೆ ಬಿಟ್ಟರೆ ಆ ಜೀವ ಬೆಳಗ್ಗೆ ಎದ್ದು ಏನು ಮಾಡುತ್ತದೆ? ಅಪ್ಪ ತೀರಿಕೊಂಡಾಗಲೂ ಅವಳನ್ನು ಎತ್ತಿ ನಿಲ್ಲಿಸಿದ್ದು ಆ ಮಿಷನ್ನೇ. ಹದಿಮೂರನೇ ದಿನ ಕಳೆದ ಮೇಲೆ ಯಾರೋ ತಂದ ರವಿಕೆ ಬಟ್ಟೆ ಹಿಡಿದುಕೊಂಡು ಕೂತಳು, ಆಮೇಲೆ ಮಿಷನ್ನು ಬಿಟ್ಟು ಏಳಲಿಲ್ಲ.

ಮನೆಗೆ ಹೋದಾಗ ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಕೊರಳಲ್ಲಿ ಟೇಪಿರಲಿಲ್ಲ. ಕಾಫಿ ಕುಡಿ ಅಂದಳು. ಮೊದಲು ಚೀಲ ಕೊಡು ಅಂದೆ.

ನೆಲಕ್ಕೆ ಚಾಪೆ ಹಾಸಿ ಎಲ್ಲ ರವಿಕೆಗಳನ್ನೂ ಹರಡಿದೆ. ಅಳತೆ ಬರೆದ ಚೀಟಿ ನನ್ನ ಹತ್ತಿರವೇ ಇತ್ತು. ಮೊದಲು ನನ್ನ ಮೇಲೇ ಅನುಮಾನ ಪಟ್ಟೆ. ನನ್ನ ಟೇಪಿನಲ್ಲಿ ಒಂದೊಂದನ್ನೂ ಅಳೆದೆ. ಅವ್ವ ಮೂವತ್ತಾರು ಅಂದಲ್ಲಿ ಮೂವತ್ತಾರಕ್ಕೇ ಹೊಲಿದಿದ್ದೆ. ಮೂವತ್ತೆರಡು ಅಂದಲ್ಲಿ ಮೂವತ್ತೆರಡು. ನನ್ನ ಕತ್ತರಿ ತಪ್ಪಿರಲಿಲ್ಲ. ಹಾಗಾದರೆ ಅಳತೆಯೇ ತಪ್ಪು ಅಂದಳು ಅವ್ವ, ಅವರೆಕಾಯಿಯಿಂದ ತಲೆ ಎತ್ತದೆ.

ಯಾರ್ಯಾರಿಗೆ ಎಲ್ಲೆಲ್ಲಿ ಬಿಗಿ ಅಂತ ಕೇಳಿದೆ. ಅವ್ವನಿಗೆ ನೆನಪಿತ್ತು, ಅವಳು ಅಂಥದ್ದನ್ನು ಮರೆಯುವವಳಲ್ಲ. ಎದೆಯ ಸುತ್ತು ಎಲ್ಲರಿಗೂ ಬಿಗಿ. ದಪ್ಪಗಿದ್ದವರಿಗೆ ಜಾಸ್ತಿ, ಸಣ್ಣಗಿದ್ದವರಿಗೆ ಸ್ವಲ್ಪ. ತೋಳು ಅಷ್ಟೇನೂ ವ್ಯತ್ಯಾಸವಿಲ್ಲ. ಯಾರಿಗಾದರೂ ಸಡಿಲ ಆಯಿತಾ ಅಂದೆ. ಒಬ್ಬರಿಗೂ ಇಲ್ಲ ಅಂದಳು. ಒಬ್ಬರಿಗಾದರೂ ಸರಿಯಾಗಿ ಕೂತಿತಾ? ಅದೂ ಇಲ್ಲ.

ನಾನು ಚಾಪೆಯ ಮೇಲೆ ಕೂತು ಲೆಕ್ಕ ಹಾಕಿದೆ. ಕಣ್ಣು ಮಂಜಾದವಳು ಒಂದು ಸಲ ಮೂವತ್ತಾರನ್ನು ಮೂವತ್ತೈದು ಅಂದಾಳು, ಇನ್ನೊಂದು ಸಲ ಮೂವತ್ತೆಂಟು ಅಂದಾಳು. ಒಂದು ರವಿಕೆ ಬಿಗಿಯಾಗಬೇಕು, ಒಂದು ಜೋಲಬೇಕು, ಅದೃಷ್ಟಕ್ಕೆ ಒಂದೆರಡು ಸರಿಯಾಗಿಯೂ ಕೂರಬೇಕು. ಇಪ್ಪತ್ತಕ್ಕೂ ಮೇಲೆ ರವಿಕೆ ಒಂದೇ ಕಡೆಗೆ ತಪ್ಪಿವೆ, ಅದೂ ದೇಹದ ಗಾತ್ರಕ್ಕೆ ತಕ್ಕ ಹಾಗೆ ಲೆಕ್ಕವಿಟ್ಟು ತಪ್ಪಿವೆ. ಇಷ್ಟು ಅಚ್ಚುಕಟ್ಟಾಗಿ ತಪ್ಪಲು ಮಂಜುಗಣ್ಣಿನವರ ಕೈಲಿ ಆಗುತ್ತದೆಯೇ? ಇದು ಗುರಿಯಿಲ್ಲದ ಕೈಯ ಕೆಲಸ ಅಲ್ಲ. ನನ್ನ ಅವ್ವನ ಕೈ ಹಾಗೇ ಇದೆ. ತಪ್ಪಿರುವುದು ಬೇರೆ ಯಾವುದೋ.

ಎದ್ದು ಮೊಳೆಯ ಮೇಲಿದ್ದ ಟೇಪು ತಂದು ಅವಳ ಕೈಗೆ ಕೊಟ್ಟೆ. ನನ್ನನ್ನು ಅಳೆ ಅಂದೆ. ಬೇಡ ಬುಡು ಅಂದಳು. ನಾನೂ ಅವಳ ಮಗಳೇ, ಬಿಡಲಿಲ್ಲ. ಕೊನೆಗೆ ಸೆರಗಿಗೆ ಕೈ ಒರೆಸಿಕೊಂಡು ಎದ್ದು ನನ್ನ ಎದೆಗೆ ಟೇಪು ಸುತ್ತಿದಳು. ಮೂವತ್ತಾರು. ಟೇಪು ತೆಗೆಸಿ, ಅಂಗಳಕ್ಕೆ ಹೋಗಿ ಬಂದು ಮತ್ತೆ ನಿಂತೆ. ಮೂವತ್ತಾರು. ಒಂದು ಲೋಟ ನೀರು ಕುಡಿದು ಬಂದೆ. ಮೂವತ್ತಾರು. ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ.

ನಾನು ಟೈಲರು. ನನ್ನ ರವಿಕೆ ನಾನೇ ಹೊಲಿದುಕೊಳ್ಳುತ್ತೇನೆ. ನನ್ನ ಅಳತೆ ಮೂವತ್ತೇಳು ಅಂತ ನನಗೆ ಚೆನ್ನಾಗಿ ಗೊತ್ತು.

ಎರಡೂ ಟೇಪುಗಳ ತುದಿ ಕೂಡಿಸಿ ಚಾಪೆಯ ಮೇಲೆ ಹಾಸಿದೆ. ಮೊದಲ ಗೇಣಿನಲ್ಲಿ ಎರಡೂ ಒಂದೇ ಥರ ಕಂಡವು. ಮುಂದೆ ಮುಂದೆ ಹೋದ ಹಾಗೆ ಅವ್ವನ ಟೇಪಿನ ನಂಬರುಗಳು ಹಿಂದೆ ಬಿದ್ದವು. ಅದರಲ್ಲಿ ಮೂವತ್ತಾರು ಇರುವ ಕಡೆ ನನ್ನದರಲ್ಲಿ ಮೂವತ್ತೇಳು. ದಿನವೂ ಎಳೆದು, ಬೆವರಿಗೆ ನೆಂದು, ಬಿಸಿಲಿಗೆ ಒಣಗಿ, ಬಟ್ಟೆಯ ಟೇಪು ಹಿಗ್ಗಿಬಿಟ್ಟಿತ್ತು.

ನಾನು ಗೆದ್ದವಳ ಹಾಗೆ ತಪ್ಪು ಟೇಪಿನದು ಅಂದೆ. ಅವ್ವನ ಮುಖ ಬಿಗಿಯಾಯಿತು.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ನಂಗೆ ಅಂತಾ ಮಾತು ಬ್ಯಾಡ ಕಣ್ ಮಗ" ಅಂದಳು.

ಅಷ್ಟಕ್ಕೇ ನಿಲ್ಲಿಸಲಿಲ್ಲ. ನನ್ನ ಟೇಪು ಹಿಗ್ಗಿದೆ ಅಂತೀಯಲ್ಲ, ನಿನ್ನದು ಕುಗ್ಗಿಲ್ಲ ಅಂತ ಹೇಗೆ ಹೇಳುತ್ತೀಯ ಅಂತ ಕೇಳಿದಳು. ನೀನು ತಂದದ್ದು ಅಂಗಡಿಯಿಂದ, ನಾನು ತಂದದ್ದು ಮೇಷ್ಟ್ರ ಕೊರಳಿನಿಂದ. ಎರಡು ಟೇಪು ಜಗಳಾಡಿದರೆ ನ್ಯಾಯ ಹೇಳುವವರು ಯಾರು? ಹೌದಲ್ಲ! ಹೊಸದು ಅನ್ನುವ ಒಂದೇ ಕಾರಣಕ್ಕೆ ನಾನು ನನ್ನದನ್ನು ಸರಿ ಅಂದುಕೊಂಡಿದ್ದೆ. ಮಗಳ ಮಾತಿಗೆ ಹೂಂ ಅಂದು ತಪ್ಪಿಸಿಕೊಳ್ಳಬಹುದಾಗಿದ್ದ ಹೊತ್ತಿನಲ್ಲೂ ಅಂದಾಜಿಗೆ ಒಪ್ಪಲಿಲ್ಲ ನನ್ನ ಅವ್ವ.

ನ್ಯಾಯ ಹೇಳುವವರು ಪೇಟೆ ಬೀದಿಯಲ್ಲಿದ್ದರು. ಅಲ್ಲಿ ಒಂದು ಹಳೆಯ ಜವಳಿ ಅಂಗಡಿ. ಹಣೆಯ ತುಂಬ ವಿಭೂತಿ ಹಚ್ಚಿದ ಸಾಹುಕಾರರು. ಅವ್ವ ಲೈನಿಂಗು, ದಾರ, ಹುಕ್ಕು ಎಲ್ಲ ತರುವುದು ಅಲ್ಲಿಂದಲೇ. ಅವರು ಬಟ್ಟೆ ಅಳೆಯುವುದು ಕಬ್ಬಿಣದ ಮೀಟರು ಕೋಲಿನಲ್ಲಿ. ಅದಕ್ಕೆ ಸರ್ಕಾರದವರು ಬಂದು ಪರೀಕ್ಷೆ ಮಾಡಿ ಮುದ್ರೆ ಒತ್ತಿ ಹೋಗುತ್ತಾರೆ. ಅವ್ವ ಬರುವುದಿಲ್ಲ ಅಂದಳು, ನಿನ್ನೆಯ ಸುದ್ದಿ ಪೇಟೆಗೆಲ್ಲ ಗೊತ್ತಾಗಿರುತ್ತೆ ಅಂತ. ಕೈ ಹಿಡಿದು ಎಳೆದುಕೊಂಡು ಹೋದೆ. ಅವಳು ದಾರಿಯುದ್ದಕ್ಕೂ ಸೆರಗು ಹೊದ್ದು ತಲೆ ತಗ್ಗಿಸಿಕೊಂಡೇ ನಡೆದಳು. ಆ ಬೀದಿಯಲ್ಲಿ ಅವ್ವ ಹಾಗೆ ನಡೆದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಸಾಹುಕಾರರಿಗೆ ವಿಷಯ ಹೇಳಿದೆ. ಅವರು ಏನೂ ಕೆದಕದೆ, ಗದ್ದಿಗೆಯ ಮೇಲಿನ ಬಟ್ಟೆ ಸರಿಸಿ, ಮೀಟರು ಕೋಲು ಇಟ್ಟು, ಮುದ್ರೆಯನ್ನು ಅವ್ವನಿಗೆ ತೋರಿಸಿದರು. ಮೊದಲು ನನ್ನ ಟೇಪು ಹಾಸಿದರು. ಮೂವತ್ತೊಂಬತ್ತು ದಾಟಿ ಕಾಲಿಗಿಂತ ಸ್ವಲ್ಪ ಮೇಲೆ ಕೋಲು ಮುಗಿಯಿತು. ಒಂದು ಮೀಟರಿಗೆ ಅಷ್ಟು ಇಂಚು ಬರಬೇಕು, ಸರಿಯಾಗಿದೆ ಅಂದರು. ಆಮೇಲೆ ಅವ್ವನ ಕಡೆ ಕೈ ಚಾಚಿದರು. ಅವ್ವ ಟೇಪು ಕೊಡಲಿಲ್ಲ. ತಾನೇ ಹಿತ್ತಾಳೆ ತುದಿಯನ್ನು ಕೋಲಿನ ತುದಿಗೆ ಒತ್ತಿ ಹಿಡಿದು, ಎಳೆಯದೆ, ಸಡಿಲವೂ ಬಿಡದೆ, ಮೈಮೇಲೆ ಹಾಕುವ ಹಾಗೇ ಹಾಸಿದಳು. ಕೋಲು ಮುಗಿದ ಕಡೆ ಬಗ್ಗಿ ಓದಿದಳು. ಮೂವತ್ತೆಂಟೂಕಾಲು.

ಟೇಪು ತೆಗೆದು ಎರಡನೇ ಸಲ ಹಾಸಿದಳು. ಮೂವತ್ತೆಂಟೂಕಾಲು.

ಸಾಹುಕಾರರು ಕನ್ನಡಕ ಏರಿಸಿಕೊಂಡು ತಾವೂ ಬಗ್ಗಿ ನೋಡಿದರು. "ನಿಮ್ ಕಣ್ಣು ಸರಿಯಾಗೇ ಐತಲ್ಲಮ್ಮ. ನಾನು ಕನ್ನಡಕ ಹಾಕ್ಕೊಂಡು ಓದಿದ್ದನ್ನ ನೀವು ಬರಿಗಣ್ಣಲ್ಲಿ ಓದಿದ್ರಿ" ಅಂದರು.

ಅವ್ವ ಟೇಪನ್ನು ಸುತ್ತಿ ಕೈಯಲ್ಲಿ ಹಿಡಿದುಕೊಂಡಳು. ಅಳುತ್ತಾಳೇನೋ ಅಂದುಕೊಂಡೆ. ಅವಳು ಕೇಳಿದ್ದು ಬೇರೆ. ಹಾಗಾದರೆ ಇಷ್ಟು ವರ್ಷ ನಾನು ಹೊಲಿದದ್ದೆಲ್ಲ ಹೇಗೆ ಸರಿ ಬಂತು?

ಉತ್ತರವನ್ನೂ ಅವಳೇ ಕಂಡುಕೊಂಡಳು, ಮನೆಗೆ ಹೋಗುವ ದಾರಿಯಲ್ಲಿ, ನಡುಬೀದಿಯಲ್ಲಿ ನಿಂತು. ಮೈ ಅಳೆದದ್ದು ಈ ಟೇಪು, ಬಟ್ಟೆ ಅಳೆದದ್ದೂ ಈ ಟೇಪು. ಮೈಯ ಹತ್ತಿರ ಹೇಳಿದ ಸುಳ್ಳನ್ನೇ ಬಟ್ಟೆಯ ಹತ್ತಿರವೂ ಹೇಳಿತ್ತು, ಹಾಗಾಗಿ ರವಿಕೆ ಸರಿಯಾಗಿ ಕೂತಿತ್ತು. ಈ ಸಲ ಮಾತ್ರ ಮೈ ಅವಳ ಟೇಪಿಗೆ ಸಿಕ್ಕಿತು, ಬಟ್ಟೆ ನನ್ನ ಟೇಪಿಗೆ ಸಿಕ್ಕಿತು. ಅಮ್ಮ ಮಗಳು ಸೇರಿ ಕೆಲಸ ಮಾಡದಿದ್ದರೆ ಈ ಗುಟ್ಟು ಬಯಲಾಗುತ್ತಲೇ ಇರಲಿಲ್ಲ. ನನಗೆ ನಗು ಬಂತು. ಅವ್ವನಿಗೂ ಬಂತು. ಬುಧವಾರದಿಂದ ಅವಳು ನಕ್ಕದ್ದು ಅದೇ ಮೊದಲು.

"ಸುಳ್ಳೇಳಿದ್ರೂ ಒಂದೇ ಸುಳ್ಳೇಳ್ತು ನೋಡು" ಅಂದಳು.

ಆದರೆ ಅವಳ ಅನುಮಾನ ಪೂರ್ತಿ ಹೋಗಿರಲಿಲ್ಲ. ಟೇಪು ಹಿಗ್ಗಿದ್ದು ನಿಜ. ಅದರ ಜೊತೆಗೆ ಕಣ್ಣೂ ಒಂದಿಷ್ಟು ತಪ್ಪಿಲ್ಲ ಅಂತ ಯಾರು ಕಂಡವರು? ನಾನು, ಭಾನುವಾರ ಸಮಾವೇಶ, ಇವತ್ತೇ ಹಳ್ಳಿಮೈಸೂರಿಗೆ ಹೋಗಿ ಹೊಸ ಟೇಪಿನಲ್ಲಿ ಎಲ್ಲರನ್ನೂ ಮತ್ತೆ ಅಳೆದುಕೊಂಡು ಬರುತ್ತೇನೆ ಅಂದೆ. ಬೇಡ ಅಂದಳು. ಮತ್ತೆ ಅಳೆದರೆ ಅದು ನಿನ್ನ ಅಳತೆ, ನನ್ನದು ಸರಿಯಿತ್ತೋ ಇಲ್ಲವೋ ಗೊತ್ತಾಗುವುದೇ ಇಲ್ಲ. ಒಳಗೆ ಬಿಟ್ಟ ಬಟ್ಟೆ ಬಿಚ್ಚು, ಈ ಹಳೇ ಟೇಪಿನಲ್ಲಿ ನಾನು ಹೇಳಿದ ನಂಬರು ಬರುವವರೆಗೂ ಸಡಿಲ ಮಾಡು. ನಾನು ಸರಿಯಾಗಿ ಓದಿದ್ದರೆ ಎಲ್ಲರಿಗೂ ಕೂರಬೇಕು. ಒಬ್ಬರಿಗೆ ಕೂರದಿದ್ದರೂ ಸೋಮವಾರ ಮಿಷನ್ನು ಹೋಗಲಿ.

ಇದು ಯಾವ ಹಟ? ಇಪ್ಪತ್ತಕ್ಕೂ ಮೇಲೆ ಜನರಲ್ಲಿ ಒಬ್ಬಳು ಅವತ್ತು ಉಸಿರು ಬಿಗಿ ಹಿಡಿದಿದ್ದರೂ ಸಾಕಲ್ಲ. ಬುದ್ಧಿ ಹೇಳಿದೆ, ರೇಗಿದೆ. ಅವಳು ಕೇಳಲಿಲ್ಲ. ಮಿಷನ್ನಿನ ಮುಚ್ಚಳ ತೆಗೆದು, ಗಾಲಿಗೆ ಎರಡು ಹನಿ ಎಣ್ಣೆ ಬಿಟ್ಟು, ಕೂತಳು.

ಗುರುವಾರ ಉಳಿದ ಹೊತ್ತು, ಶುಕ್ರವಾರ ಪೂರ್ತಿ, ಜಗಲಿಯ ಮೇಲೆ ಇದೇ ಕೆಲಸ. ನಾನು ಬ್ಲೇಡಿನಲ್ಲಿ ಪಕ್ಕದ ಹೊಲಿಗೆ ಬಿಚ್ಚುವುದು, ಹಳೇ ಟೇಪು ಇಟ್ಟು ಗುರುತು ಹಾಕುವುದು. ಅವ್ವ ಹೊಲಿಯುವುದು. ಸೂಜಿಗೆ ದಾರ ನಾನು ಪೋಣಿಸಿಕೊಟ್ಟೆ, ಅದನ್ನು ಮುಚ್ಚಿಟ್ಟು ಏನಾಗಬೇಕು? ಆದರೆ ಗೆರೆಯ ಮೇಲೆ ಅವಳ ಹೊಲಿಗೆ ಹೋಗುವುದನ್ನು ನೋಡಬೇಕಿತ್ತು. ಒಂದು ಕಡೆಯೂ ಸೊಟ್ಟಗಾಗಲಿಲ್ಲ. ಒಳಗೆ ಬಟ್ಟೆ ದಂಡಿಯಾಗಿ ಬಿಟ್ಟದ್ದಕ್ಕೆ ಬಚಾವಾದೆವು ಅಂದೆ. ಯಾರು ಹೇಳಿಕೊಟ್ಟಿದ್ದು ಅಂದಳು. ಹೂಂ, ನೀನೇ ಅಂದೆ.

ಶನಿವಾರ ಇಬ್ಬರೂ ಹಳ್ಳಿಮೈಸೂರಿಗೆ ಹೋದೆವು. ಸಂಘದವರು ಅಧ್ಯಕ್ಷೆಯ ಮನೆಯ ನಡುಮನೆಯಲ್ಲಿ ಸೇರಿದ್ದರು. ಅವ್ವ ಚೀಲವನ್ನು ಕಂಬದ ಪಕ್ಕ ಇಟ್ಟು, ತಾನೂ ಕಂಬಕ್ಕೆ ಒರಗಿ ನಿಂತಳು. ಕೂತುಕೊಳ್ಳಿ ಅಂದರೂ ಕೂರಲಿಲ್ಲ. ಒಬ್ಬೊಬ್ಬರೇ ಒಳಗಿನ ಕೋಣೆಗೆ ಹೋಗಿ ಹಾಕಿಕೊಂಡು ಬರುತ್ತಿದ್ದರು. ಮೊದಲನೆಯವಳು ಕೈ ಎತ್ತಿ ಇಳಿಸಿ ಸರಿಯಾಯಿತು ಅಂದಳು. ಎರಡನೆಯವಳು ಕನ್ನಡಿಯ ಮುಂದೆ ಅತ್ತ ಇತ್ತ ತಿರುಗಿ ನೋಡಿದಳು. ಸರಿ. ಮೂರನೆಯವಳು, ನಾಲ್ಕನೆಯವಳು. ಅವ್ವನ ಬೆರಳು ಸೆರಗಿನ ತುದಿಯನ್ನು ಸುತ್ತುತ್ತಲೇ ಇತ್ತು. ನಾನು ದೇವರಿಗೆ ಹರಕೆ ಹೊರುವ ಪೈಕಿಯಲ್ಲ, ಅವತ್ತು ಹೊತ್ತೆ. ತೆಳ್ಳಗಿನ ಒಬ್ಬ ಹುಡುಗಿ ಕೋಣೆಯಿಂದ ಬಹಳ ಹೊತ್ತು ಬರಲೇ ಇಲ್ಲ. ಅವ್ವ ನನ್ನ ಮುಖ ನೋಡಿದಳು. ಹುಡುಗಿ ಈಚೆ ಬಂದು, ಹುಕ್ಕಿಗೆ ಸರದ ಎಳೆ ಸಿಕ್ಕಿಕೊಂಡಿತ್ತು, ಬ್ಲೌಸು ಸರಿಯಾಗಿದೆ ಅಂದಾಗ ನನಗೆ ಹೋದ ಜೀವ ಬಂದಂತಾಯಿತು.

ಕೊನೆಗೆ ಉಳಿದವರು ಅಧ್ಯಕ್ಷೆ. ಎಲ್ಲರಿಗಿಂತ ದಪ್ಪ, ಅವ್ವನ ಟೇಪಿನಲ್ಲಿ ನಲವತ್ತು. ಒಳಗೆ ಹೋಗಿ, ಸೀರೆಯನ್ನೂ ಉಟ್ಟುಕೊಂಡೇ ಈಚೆಗೆ ಬಂದರು. ನಿಂತರು, ಕೂತರು, ತೋಳೆತ್ತಿ ಗೋಡೆಯ ಮೇಲಿನ ದೇವರ ಪಟಕ್ಕೆ ಕೈ ಮುಟ್ಟಿಸಿ ನೋಡಿದರು. ಎಲ್ಲೂ ಎಳೆಯಲಿಲ್ಲ. ಅವ್ವನ ಹತ್ತಿರ ಬಂದು ನಿಂತು, ಮುಖ ಸ್ವಲ್ಪ ಆ ಕಡೆ ಮಾಡಿಕೊಂಡು, "ಕೈ ಇನ್ನೂ ಅಂಗೇ ಅದೆ ಬುಡಿ" ಅಂದರು.

ನನ್ನ ನಾಲಿಗೆ ತುದಿಯಲ್ಲಿ ನಾಲ್ಕು ಮಾತು ತಯಾರಾಗಿದ್ದವು. ಅವ್ವ ನನ್ನ ಕೈ ಒತ್ತಿದಳು. ಕಣ್ಣೂ ಹಾಗೇ ಇದೆ ಅಂತ ಅಷ್ಟೇ ಹೇಳಿ, ನಡೆದದ್ದನ್ನು ಎಲ್ಲರಿಗೂ ಬಿಡಿಸಿ ಹೇಳಿದಳು, ಹಿಗ್ಗಿದ ಟೇಪನ್ನು ಎತ್ತಿ ತೋರಿಸಿ. ಮುಚ್ಚಿಡಲಿಲ್ಲ, ನನ್ನ ಮೇಲೆ ಹಾಕಲಿಲ್ಲ, ಮೇಷ್ಟ್ರ ಮೇಲೂ ಹಾಕಲಿಲ್ಲ. ಕೊಟ್ಟ ಮಜ್ಜಿಗೆ ಕುಡಿದು ಈಚೆ ಬಂದೆವು. ಬಸ್ಸಿಗೆ ಕಾಯುತ್ತ ನಿಂತಾಗ ಅವಳ ತಲೆಯ ಮೇಲೆ ಸೆರಗಿರಲಿಲ್ಲ. ನನ್ನ ಅವ್ವ ಅಂತ ಆ ರಸ್ತೆಯಲ್ಲಿ ಹೋಗಿ ಬರುವವರಿಗೆಲ್ಲ ಕೂಗಿ ಹೇಳಬೇಕು ಅನ್ನಿಸಿತು. ದೊಡ್ಡ ಹೆಂಗಸು ಹಾಗೆಲ್ಲ ಕೂಗಿದರೆ ಹುಚ್ಚಿ ಅಂದುಕೊಳ್ಳುತ್ತಾರೆ ಅಂತ ಸುಮ್ಮನಿದ್ದೆ.

ಭಾನುವಾರ ಹೊಸ ಟೇಪನ್ನು ಡಬ್ಬಿಯಿಂದ ತೆಗೆದು, ಅದನ್ನೂ ಸಾಹುಕಾರರ ಕೋಲಿಗೆ ಇಟ್ಟು ನೋಡಿಕೊಂಡು ಬಂದ ಮೇಲೆಯೇ ಅವ್ವ ಕೊರಳಿಗೆ ಹಾಕಿಕೊಂಡಳು. ಮೇಷ್ಟ್ರ ಟೇಪು ಅದೇ ಮೊಳೆಯ ಮೇಲೆ ಉಳಿಯಿತು. ಈಗ ಪ್ರತಿವರ್ಷ ಆಯುಧ ಪೂಜೆಯ ಹಿಂದಿನ ದಿನ ನಾವಿಬ್ಬರೂ ನಮ್ಮ ಟೇಪುಗಳನ್ನು ಆ ಅಂಗಡಿಗೆ ಒಯ್ಯುತ್ತೇವೆ. ಕೋಲಿಗೆ ಸರಿ ಬಂದ ಟೇಪಿಗೆ ಮಾತ್ರ ಕುಂಕುಮ.

ಬೇಡ ಅಂತ ತಿಳಿಸುವುದನ್ನು ನಾವು ಮರೆತೇಬಿಟ್ಟಿದ್ದರಿಂದ, ಆ ಸೋಮವಾರ ಬೆಳಗ್ಗೆ ಹೇಳಿದ ಹಾಗೆ ಚಿಕ್ಕಮ್ಮ ಅರಕಲಗೂಡಿನಿಂದ ಗೂಡ್ಸ್ ಆಟೋ ಮಾಡಿಕೊಂಡು ಬಂದಿಳಿದಳು. ಮಿಷನ್ನು ಕಟ್ಟಲು ಹಗ್ಗ, ಕೆಳಗೆ ಹಾಸಲು ಗೋಣಿಚೀಲ, ಎಲ್ಲ ತಂದಿದ್ದಳು. ಅವ್ವ ಜಗಲಿಯ ಮೇಲೆ ಕೂತು ಹೊಲಿಯುತ್ತಿದ್ದಳು. ಎತ್ತಿಸಲಾ ಅಂತ ಚಿಕ್ಕಮ್ಮ ಕೇಳಿದರೆ, ಈ ತೋಳು ಮುಗಿಯಲಿ ಕೂತುಕೋ ಅಂದಳು. ತೋಳು ಮುಗಿಸಿ, ದಾರ ಕಡಿದು, ಮಿಷನ್ನು ಕೊಡಲ್ಲ ಅಂದಳು. ಕಣ್ಣು ಕಾಣಲ್ಲ ಅಂತ ನೀನೇ ಅತ್ತುಕೊಂಡು ಫೋನು ಮಾಡಿದ್ದೆಯಲ್ಲ ಅಂತ ಚಿಕ್ಕಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ಜಗಳಕ್ಕೆ ನಿಂತಳು.

"ವಯಸ್ಸಾಗಿದ್ದು ಟೇಪಿಗೆ ಕಣೆ, ನಂಗಲ್ಲ."

ಚಿಕ್ಕಮ್ಮನಿಗೆ ತಲೆಬುಡ ತಿಳಿಯಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಅವಳು ಕೇಳಿಸಿಕೊಂಡು, ಆಯಿತು ಬಿಡು, ಇಷ್ಟು ದೂರ ಬಂದು ಬರಿಗೈಲಿ ಹೋಗಲಾ ಅಂತ ಮುಖ ಊದಿಸಿದಳು. ಅವ್ವ ಎದ್ದು, ನಿಂಗೊಂದು ರವಿಕೆ ಹೊಲಿದುಕೊಡುತ್ತೇನೆ ನಿಂತುಕೋ ಅಂದಳು. ಚಿಕ್ಕಮ್ಮ, ನನ್ನ ಅಳತೆ ನಿನಗೆ ಗೊತ್ತಿಲ್ಲವಾ, ಮದುವೆಯಾದ ಮೇಲಿಂದ ಮೂವತ್ತೆಂಟು ಅಂತ ಗೊಣಗುತ್ತಲೇ ನಿಂತಳು. ಅವ್ವ ಹೊಸ ಟೇಪು ಸುತ್ತಿದಳು. ಬಗ್ಗಿ ನೋಡಿದಳು. ಏನೂ ಹೇಳದೆ ಟೇಪು ತೆಗೆದು, ಕೈ ಜಾಡಿಸಿ ನಿಂತುಕೋ ಅಂದು, ಎರಡನೇ ಸಲ ಸುತ್ತಿದಳು.

"ಮೂವತ್ತೊಂಬತ್ತು. ಬರ್ಕೊ ಮಗ."

ಚಿಕ್ಕಮ್ಮ, ಅಯ್ಯೋ ನಾನೆಲ್ಲಿ ದಪ್ಪಗಾಗಿದ್ದೀನಿ ಅಂತ ಬಾಯಿ ಬಾಯಿ ಬಡಿದುಕೊಳ್ಳತೊಡಗಿದಳು. ನಾನು ಬರೆದುಕೊಂಡೆ.